ಹದಿನೈದು ತುಂಬಿದ ಓಮ್ನಿಗೆ ಎಫ್‌ಸಿ ಮಾಡಿಸಿದ್ದು

ನಮ್ಮ ಮನೆಯ ಮಾರುತಿ ಓಮ್ನಿ ವ್ಯಾನ್ 2008ರದ್ದು. ತೀರ್ಥಹಳ್ಳಿಯಿಂದ ಆಗುಂಬೆ ದಾರಿ ಹಿಡಿದು ಒಳಗೆ ತಿರುಗಿದರೆ ನಮ್ಮ ಊರು. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿಗೆ ಮೂಟೆ ಒಯ್ಯುವುದು, ಪೇಟೆಯಿಂದ ಹಿಂಡಿ ಚೀಲ ತರುವುದು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಮದುವೆಗೆ ಹೋಗುವುದು, ಎಲ್ಲಕ್ಕೂ ಅದೇ ಒಂದು. 2023ರ ಮೇ ತಿಂಗಳಿಗೆ ಅದರ ಆರ್‌ಸಿಗೆ ಹದಿನೈದು ವರ್ಷ ತುಂಬುವುದಿತ್ತು.

ಆ ವರ್ಷದ ಶುರುವಿನಿಂದಲೇ ಸಿಕ್ಕವರೆಲ್ಲ ಅದನ್ನೇ ಕೇಳುತ್ತಿದ್ದರು. “ಹದಿನೈದಾಯ್ತಲ್ಲ ಮಾರಾಯ, ಇನ್ನು ಗುಜರಿಗೆ ತಾನೆ?” ಅಂತ ಪಕ್ಕದ ಮನೆ ದೊಡ್ಡಪ್ಪ ಅಂದಾಗ ನನಗೂ ಸ್ವಲ್ಪ ಅಳುಕಾಯಿತು. ವಿಚಾರಿಸಿದ ಮೇಲೆ ಸಮಾಧಾನವಾಯಿತು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವುದು ಆಗ ದೆಹಲಿ ಕಡೆಗಿದ್ದ ಕಥೆ. 2023ರ ಏಪ್ರಿಲ್ 1ರಿಂದ ಹದಿನೈದು ತುಂಬಿದ ಗಾಡಿಗಳ ನೋಂದಣಿ ರದ್ದು ಅಂತ ಬಂದದ್ದು ಸರ್ಕಾರಿ ಗಾಡಿಗಳಿಗೆ. ನಮ್ಮ ಸ್ವಂತ ಕಾರಿಗೆ ಹಾಗಿಲ್ಲ. ಗಾಡಿ ರಸ್ತೆಗೆ ಇಳಿಯುವ ಸ್ಥಿತಿಯಲ್ಲಿದೆ ಅಂತ ತೋರಿಸಿದರೆ ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣವಾಗುತ್ತದೆ. ನಮ್ಮ ಕಡೆ ಇದಕ್ಕೆ ಎಲ್ಲರೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತಲೇ ಅನ್ನುವುದು.

ಶುಲ್ಕ ಮಾತ್ರ ಏರಿತ್ತು. 2022ರ ಏಪ್ರಿಲ್‌ಗೆ ಮೊದಲು ಕಾರಿನ ನವೀಕರಣಕ್ಕೆ 600 ರೂಪಾಯಿ ಇತ್ತು. ಅಲ್ಲಿಂದ 5,000. ಜೊತೆಗೆ ನಮ್ಮ ರಾಜ್ಯದ ಹಸಿರು ತೆರಿಗೆ 500. ಜಾಸ್ತಿಯೇ. ಆದರೂ ಮೂಟೆ ಹೊರುವ ಹೊಸ ವ್ಯಾನಿಗೆ ಐದಾರು ಲಕ್ಷ ಬೇಕು. ಅಡಿಕೆ ರೇಟು ಯಾವಾಗ ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು? ಸಾಲದ ಕಂತು ಕಟ್ಟುವುದಕ್ಕಿಂತ ಇರುವುದನ್ನೇ ಸರಿ ಮಾಡಿಸೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು.

ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಹಿಂದಿನ ಅರವತ್ತು ದಿನದಲ್ಲಿ ಹಾಕಬಹುದು, ಅದಕ್ಕೂ ಮೊದಲು ಆಗುವುದಿಲ್ಲ. ಹಾಗಾಗಿ ಮಾರ್ಚಿನಲ್ಲೇ ಗಾಡಿ ಕೆಲಸ ಶುರು ಮಾಡಿದೆ. ಇದರಲ್ಲಿ ಇನ್ನೊಂದು ಲೆಕ್ಕವೂ ಇತ್ತು. ತಳದ ಕೆಲಸ ಏನಿದ್ದರೂ ಮಳೆ ಹಿಡಿಯುವ ಮೊದಲೇ ಆಗಬೇಕು. ಜೂನ್ ಬಂದರೆ ನಮ್ಮಲ್ಲಿ ಬಣ್ಣ ಒಣಗುವುದಿಲ್ಲ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಹಳೆ ಗಾಡಿ ಇಟ್ಟುಕೊಂಡವರಿಗೆ ಗೊತ್ತಿರುವ ಜಾಗ. ಎಂಜಿನ್ ಕೆಲಸ, ಟಿಂಕರಿಂಗ್, ಪೇಂಟಿಂಗ್ ಎಲ್ಲಾ ಒಂದೇ ಸುತ್ತಿನಲ್ಲಿ ಸಿಗುತ್ತದೆ. ನಮ್ಮೂರಿಂದ ಮಂಡಗದ್ದೆ, ಗಾಜನೂರು ದಾಟಿ ಅಲ್ಲಿಗೆ ಹೋಗುವುದು ಸ್ವಲ್ಪ ದೂರವೇ. ಸಣ್ಣಪುಟ್ಟದ್ದಕ್ಕೆ ತೀರ್ಥಹಳ್ಳಿಯೇ ಸಾಕು. ಆದರೆ ಲಿಫ್ಟಿಗೆ ಏರಿಸಿ ತಳ ಪೂರ್ತಿ ನೋಡಿಸಬೇಕಿತ್ತು.

ನಾನು ಎಂಜಿನ್ ಬಗ್ಗೆ ಹೇಳತೊಡಗಿದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಎಳೆದಾಡುತ್ತೆ, ಏರಿನಲ್ಲಿ ಉಸಿರು ಕಟ್ಟುತ್ತೆ ಅಂತೆಲ್ಲ. ಗ್ಯಾರೇಜಿನ ಭಾಯ್ ಪೂರ್ತಿ ಕೇಳಲೇ ಇಲ್ಲ. “ಗೌಡ್ರೇ, ಎಂಜಿನ್ ಬಿಡಿ, ಅದು ನನ್ನ ಕೈಲಿದೆ. ಕೆಳಗೆ ಬನ್ನಿ” ಅಂದರು.

ಅವರ ಮಾತು ಸರಿ. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ ಮಾರುತಿ 800ರಲ್ಲೂ ಇದ್ದದ್ದೇ. ವ್ಯಾನ್ ಅಂತ 1984ರಲ್ಲಿ ಬಂದ ಗಾಡಿ ಓಮ್ನಿ ಅನ್ನುವ ಹೆಸರಲ್ಲಿ 2019ರವರೆಗೂ ತಯಾರಾಯಿತು. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ. ನನ್ನ ಗಾಡಿಗೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಬದಲಿಸಿ ಥ್ರಾಟಲ್ ಬಾಡಿ ತೊಳೆದರು. ಟೈಮಿಂಗ್ ಬೆಲ್ಟ್ ಎಂದು ಹಾಕಿದ್ದು ಅಂತ ಯಾರಿಗೂ ನೆನಪಿರಲಿಲ್ಲ, ಅದನ್ನೂ ಹೊಸದು ಹಾಕಿಸಿದೆ. ಎಂಜಿನ್ ಕಥೆ ಅಷ್ಟಕ್ಕೇ ಮುಗಿಯಿತು.

ತಳದ ಕಥೆ ಬೇರೆ. ಡ್ರೈವರ್ ಕಾಲಿಡುವ ಜಾಗದ ತಗಡನ್ನು ಭಾಯ್ ಸ್ಕ್ರೂಡ್ರೈವರಿನಿಂದ ತಟ್ಟುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಕಡೆ ದಪ್ ಅಂತು. ಸ್ವಲ್ಪ ಒತ್ತಿದರೆ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಮೇಲೆ ರಬ್ಬರ್ ಮ್ಯಾಟ್ ಚೆನ್ನಾಗಿಯೇ ಇತ್ತು. ಅದರ ಕೆಳಗಿನ ಕಾರ್ಪೆಟ್ ಪ್ರತಿ ಮಳೆಗಾಲ ನೆನೆದು, ಒಣಗದೆ, ತಗಡನ್ನು ಮೇಲಿನಿಂದ ತಿಂದಿತ್ತು. ಚಕ್ರದ ಮೇಲ್ಭಾಗದ ಸಂದಿಯಲ್ಲಿ ಕೂತ ಕೆಸರು ಕೆಳಗಿನಿಂದ ತಿಂದಿತ್ತು. ಎರಡೂ ಕಡೆಯಿಂದ ಬಂದ ತುಕ್ಕು ಮಧ್ಯದಲ್ಲಿ ಸೇರಿತ್ತು.

ಹಿಂಭಾಗದ ತಗಡು ಇನ್ನೊಂದು ಥರ ಹಾಳಾಗಿತ್ತು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಗುಳಿ ಬಿದ್ದಿತ್ತು. “ಇದ್ರಲ್ಲಿ ಏನು ಸಾಗಿಸ್ತೀರಿ?” ಅಂದರು. ಗೊಬ್ಬರ, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಅಂದೆ. ಅವರು ನಕ್ಕರು. “ಮತ್ತೆ? ನಿಮ್ಮ ಕಡೆ ಗಾಡಿಗಳೆಲ್ಲ ಹೀಗೇ.”

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಹದ ನೋಡಲು ಕತ್ತಿ ಅದ್ದುತ್ತೇವಲ್ಲ? ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಇನ್ನಷ್ಟು ಹಾಕುತ್ತೇವೆ. ಅಲ್ಲಿ ಆಗುವುದು ಏನು? ಮೈಲುತುತ್ತದ ತಾಮ್ರ ಕತ್ತಿಗೆ ಅಂಟುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಚೀಲದಿಂದ ಉದುರಿದ ನಾಲ್ಕು ಹರಳು ಒದ್ದೆ ತಗಡಿನ ಮೇಲೆ ಕೂತರೆ ಇದೇ ಕೆಲಸ ಗಾಡಿಯಲ್ಲೂ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರ ಕೂಡ ಉಪ್ಪೇ ತಾನೆ. ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಬಯಲುಸೀಮೆಯ ಓಮ್ನಿಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿನ ಗಾಡಿಯನ್ನು ಕಿಲೋಮೀಟರ್ ಸವೆಸುತ್ತದೆ. ನಮ್ಮದನ್ನು ನಿಂತಲ್ಲೇ ನೀರು ಸವೆಸುತ್ತದೆ. ಮೀಟರ್ ನೋಡಿ ಗಾಡಿಯ ವಯಸ್ಸು ಹೇಳುವುದು ಆಗುಂಬೆ ಕಡೆ ನಡೆಯುವುದಿಲ್ಲ.

ಹಾಗಾಗಿ ಇದ್ದ ದುಡ್ಡನ್ನು ಹೆಚ್ಚುಕಮ್ಮಿ ಅರ್ಧ ತಳಕ್ಕೇ ಹಾಕಿದೆ. ಹೊರಗಿನ ಬಣ್ಣ ಅಲ್ಲಲ್ಲಿ ಮಾಸಿತ್ತು. ಪೂರ್ತಿ ಪೇಂಟ್ ಮಾಡಿಸಿ ಅಂತ ಪೇಂಟರ್ ಒತ್ತಾಯ ಮಾಡಿದರು. ಬೇಡ ಅಂದೆ. ಮಾಸಿದ ಬಣ್ಣದಿಂದ ಯಾರಿಗೂ ತೊಂದರೆ ಇಲ್ಲ.

ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ಶೀಟ್ ಹಾಕಿ ವೆಲ್ಡ್ ಮಾಡಿದರು. ಹಳೆಯದರ ಮೇಲೇ ತೇಪೆ ಇಡುವುದು ಅಗ್ಗ. ಆದರೆ ಎರಡು ಪದರದ ನಡುವೆ ನೀರು ನಿಂತು ಎರಡೇ ಮಳೆಗಾಲಕ್ಕೆ ಮತ್ತೆ ತೂತು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ವೈರ್ ಬಿಚ್ಚಿಸಿಕೊಳ್ಳಿ. ಇದನ್ನು ನೀವೇ ನಿಂತು ನೋಡಿಕೊಳ್ಳಬೇಕು. ನಮ್ಮದರಂಥ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಹಾಯಿಸುವ) ಗಾಡಿಯಲ್ಲಿ ಎಂಜಿನ್ ನಡೆಸುವ ಕಂಪ್ಯೂಟರ್ ಇರುತ್ತದೆ, ವೆಲ್ಡಿಂಗ್ ಕರೆಂಟಿಗೆ ಅದು ಸುಟ್ಟರೆ ತಗಡಿನ ಖರ್ಚು ಏನೂ ಅಲ್ಲ ಅನ್ನಿಸುತ್ತದೆ. ಇನ್ನೊಂದು ವಿಷಯ, ಚಾಸಿ ನಂಬರ್ ಕೊರೆದ ಜಾಗ. ಆರ್‌ಟಿಓದಲ್ಲಿ ಆ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕೊಡಬೇಕಾಗುತ್ತದೆ. ತುಕ್ಕು ತೆಗೆಯುವ ಹುಮ್ಮಸ್ಸಿನಲ್ಲಿ ಗ್ರೈಂಡರ್ ಅಲ್ಲಿಗೂ ಹೋಗಿ ಅಂಕಿ ಅಳಿಸಿದರೆ ಮುಗಿಯಿತು. ನಾನು ಆ ಜಾಗಕ್ಕೆ ಟೇಪ್ ಅಂಟಿಸಿಟ್ಟಿದ್ದೆ.

ವೆಲ್ಡಿಂಗ್ ಆದ ಮೇಲೆ ವೈರ್ ಬ್ರಷ್ ಹೊಡೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಅದು ಚೆನ್ನಾಗಿ ಒಣಗಿದ ಮೇಲೆ ಅಂಡರ್‌ಕೋಟ್. ಎಷ್ಟೋ ಕಡೆ ತುಕ್ಕಿನ ಮೇಲೇ ಕರಿ ಅಂಡರ್‌ಕೋಟ್ ಸ್ಪ್ರೇ ಮಾಡಿ ಕಳಿಸುತ್ತಾರೆ. ನೋಡಲು ಹೊಸದರ ಹಾಗೆ ಕಾಣುತ್ತದೆ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲದೆ ಮೊದಲಿಗಿಂತ ಬೇಗ ಕೊಳೆಯುತ್ತದೆ. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಮಳೆಗಾಲಕ್ಕೆ ಮೊದಲು ಎಂಜಿನ್ನಿಂದ ತೆಗೆದ ಹಳೆ ಆಯಿಲ್ ತಳಕ್ಕೆ ಬಳಿಯುವುದು. ತುಕ್ಕು ತಡೆಯುತ್ತೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್‌ಗಳಿಗೆ ಅದು ಆಗಿಬರುವುದಿಲ್ಲ. ಅಂಗಳದಲ್ಲಿ ತೊಟ್ಟಿಕ್ಕಿದ್ದು ಮಳೆ ನೀರಿನ ಜೊತೆ ತೋಟಕ್ಕೆ, ಬಾವಿ ಕಡೆಗೆ ಹರಿಯುತ್ತದೆ. ಬಾವಿ ನೀರು ಕುಡಿಯುವ ಮನೆಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಬ್ರೇಕಿನ ಕೆಲಸದಲ್ಲಿ ಕಂಜೂಸಿತನ ಮಾಡಲಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಸೋಮೇಶ್ವರಕ್ಕೆ ಹೋಗುವ ಗಾಡಿ ಇದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಕೇಳಬೇಕೇ? ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗುತ್ತದೆ. ಆಗ ಪೆಡಲ್ ತುಳಿದರೆ ಕಾಲು ಸುಮ್ನೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಈ ತಾಪತ್ರಯ ಇಲ್ಲ, ಖರ್ಚೂ ಕೆಲವು ನೂರು ರೂಪಾಯಿಯಷ್ಟೇ. ನನ್ನ ಗಾಡಿಯಲ್ಲಿ ಹಿಂದಿನ ಚಕ್ರದ ಒಂದು ಸಿಲಿಂಡರ್ ಬಿಗಿದುಕೊಂಡಿತ್ತು, ಒಂದು ಕಡೆ ಬ್ರೇಕ್ ಪೈಪ್ ತುಕ್ಕು ಹಿಡಿದಿತ್ತು. ಎರಡನ್ನೂ ಬದಲಿಸಿದರು. ಮುಂದಿನ ಪ್ಯಾಡ್, ಹಿಂದಿನ ಶೂ ಹೊಸವು.

ಬಿಡಿಭಾಗ ತರುವಾಗ ನನ್ನದೊಂದು ನಿಯಮ ಇದೆ. ಗಾಡಿ ನಿಲ್ಲಿಸುವುದು, ತಿರುಗಿಸುವುದು, ಅಂದರೆ ಬ್ರೇಕ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಇವುಗಳಲ್ಲಿ ಒರಿಜಿನಲ್ ಮಾತ್ರ. ರಬ್ಬರ್ ಸಾಮಾನೂ ಅಷ್ಟೇ. ಕನ್ನಡಿ, ಬಾಗಿಲ ಹಿಡಿ, ಲೈಟಿನ ಗಾಜು, ಸ್ಲೈಡಿಂಗ್ ಬಾಗಿಲ ರೋಲರ್ ಲೋಕಲ್ ಆದರೂ ನಡೆಯುತ್ತೆ. ಗುಜರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಟಾರ್ಟರ್ ಮೋಟರ್ ಎಳೆದಾಡುತ್ತಿದ್ದದ್ದಕ್ಕೆ ಹೊಸ ಮೋಟರ್ ಬೇಕಿರಲಿಲ್ಲ, ಕಾರ್ಬನ್ ಬ್ರಷ್ ಹಾಕಿದರೆ ಸಾಕಾಯಿತು. ಹೆಡ್‌ಲೈಟ್ ಮಂಕಾಗಿತ್ತು. ಬಲ್ಬ್ ದೊಡ್ಡದು ಹಾಕೋಣ ಅಂತಿದ್ದೆ. ಎಲೆಕ್ಟ್ರಿಷಿಯನ್ ಹುಡುಗ ಬಾಡಿಗೆ ಬಿಗಿದ ಅರ್ತ್ ವೈರ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದ. ಬೆಳಕು ಎಲ್ಲಿತ್ತೋ ಬಂತು. ಮಲೆನಾಡಿನ ಹಳೆ ಗಾಡಿಯಲ್ಲಿ ಕರೆಂಟಿನ ತೊಂದರೆ ಏನೇ ಬಂದರೂ ಮೊದಲು ಅರ್ತ್ ನೋಡಿಸಿ. ಅದು ಸರಿ ಇದ್ದರೆ ಇಲಿ ಕಡಿದ ವೈರ್ ಹುಡುಕಿ.

ಟೈರ್ ನೋಡಲು ಚೆನ್ನಾಗಿಯೇ ಇದ್ದವು. ಆದರೆ ಪಕ್ಕದಲ್ಲಿ ಬರೆದ ನಾಲ್ಕಂಕಿ ಓದಿದರೆ ಬಣ್ಣ ಬಯಲಾಗುತ್ತದೆ. 1214 ಅಂತಿದ್ದರೆ 2014ರ ಹನ್ನೆರಡನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಕಮ್ಮಿ ಓಡುವ ಗಾಡಿಯಲ್ಲಿ ಟೈರಿನ ಮೇಲಿನ ಉಬ್ಬು ಅಚ್ಚು ಸವೆಯುವ ಮೊದಲೇ ರಬ್ಬರ್ ಕಲ್ಲಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಅದಕ್ಕೆ ಹಿಡಿತ ಇರುವುದಿಲ್ಲ. ನಾಲ್ಕರಲ್ಲಿ ಎರಡು ಬದಲಿಸಿದೆ.

ಇಷ್ಟಾದ ಮೇಲೆ ಕಾಗದದ ಕೆಲಸ. ಹೊಗೆ ತಪಾಸಣೆಗೆ ತಣ್ಣಗಿನ ಗಾಡಿ ಒಯ್ಯಬೇಡಿ. ನನ್ನ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 0.5 ಶೇಕಡಾ ದಾಟಬಾರದು, ಹೈಡ್ರೋಕಾರ್ಬನ್ 750 ಪಿಪಿಎಂ ದಾಟಬಾರದು. ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ. ನಾನು ಊರಿಂದ ಪೇಟೆಗೆ ಓಡಿಸಿಕೊಂಡು ಹೋಗಿ, ಎಂಜಿನ್ ಆರಿಸದೆ ನೇರ ಅಲ್ಲೇ ನಿಲ್ಲಿಸಿದೆ. ಹೊಸ ಪ್ಲಗ್ಗು, ಫಿಲ್ಟರಿನ ಪುಣ್ಯ, ಒಂದೇ ಸಲಕ್ಕೆ ಪಾಸ್. ಬಿಎಸ್ 4 ಹೊಗೆ ಮಾನದಂಡಕ್ಕಿಂತ ಹಳೆಯ ಗಾಡಿಗೆ ಈ ಚೀಟಿ ಆರೇ ತಿಂಗಳು ಎನ್ನುವುದು ಮಾತ್ರ ಮರೆಯಬಾರದು.

ಇನ್ಶೂರೆನ್ಸಿನಲ್ಲಿ ಒಂದು ಉಳಿತಾಯ ಮಾಡಿದೆ. ಹದಿನೈದು ವರ್ಷದ ಓಮ್ನಿಗೆ ಕಂಪನಿಯವರು ಕಟ್ಟುವ ಬೆಲೆ ಎಷ್ಟಿರುತ್ತೆ? ಅದಕ್ಕೆ ಫುಲ್ ಇನ್ಶೂರೆನ್ಸ್ ಮಾಡಿಸಿ ಪ್ರಯೋಜನ ಇಲ್ಲ ಅನ್ನಿಸಿತು. ಥರ್ಡ್ ಪಾರ್ಟಿ ಕಡ್ಡಾಯ. ಸಾವಿರ ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಮಾಲೀಕನೇ ಗಾಡಿ ಓಡಿಸುವಾಗ ಅಪಘಾತವಾದರೆ ಸಿಗುವ 15 ಲಕ್ಷದ ವಿಮೆಯನ್ನೂ ಸೇರಿಸಿಕೊಂಡೆ. ಗಾಡಿಗೆ ಬೆಲೆ ಇಲ್ಲದಿರಬಹುದು, ಓಡಿಸುವವನಿಗೆ ಇದೆಯಲ್ಲ.

ಅರ್ಜಿ ಫಾರಂ 25. ಪರಿವಾಹನ್ ವೆಬ್‌ಸೈಟಿನಲ್ಲೇ ತುಂಬಿ, ಶುಲ್ಕವನ್ನೂ ಅಲ್ಲೇ ಕಟ್ಟಬಹುದು. ನಮ್ಮದು ಕೆಎ 14, ಹಾಗಾಗಿ ಶಿವಮೊಗ್ಗ. ಸಾಗರದ ಕಡೆಯವರದ್ದು ಕೆಎ 15. ಏಜೆಂಟರೊಬ್ಬರು ಎಲ್ಲಾ ಸೇರಿ ಇಷ್ಟು ಕೊಡಿ ಅಂತ ಒಂದು ಮೊತ್ತ ಹೇಳಿದ್ದರು. ತಂಗಿಯ ಮಗಳು ಮೊಬೈಲಿನಲ್ಲೇ ಅರ್ಜಿ ತುಂಬಿಕೊಟ್ಟಳು. “ಮಾವ, ಇಷ್ಟಕ್ಕೆ ಯಾರಿಗೋ ದುಡ್ಡು ಕೊಡ್ತಿದ್ರಾ?” ಅಂತ ಕೇಳಿದಳು ಬೇರೆ.

ತಪಾಸಣೆ ದಿನ ಇನ್‌ಸ್ಪೆಕ್ಟರ್ ಲೈಟು, ಇಂಡಿಕೇಟರ್, ಹಾರ್ನ್, ವೈಪರ್ ಒಂದೊಂದಾಗಿ ಹಾಕಿಸಿ ನೋಡಿದರು. ಚಾಸಿ ನಂಬರ್ ತಾಳೆ ಹಾಕಿದರು. ಸ್ವಲ್ಪ ದೂರ ಓಡಿಸಿ ಬ್ರೇಕ್ ಹಿಡಿಸಿದರು. ಬಗ್ಗಿ ತಳವನ್ನೂ ನೋಡಿದರು, ಅದು ನನಗೆ ಖುಷಿಯಾಯಿತು. ಅಷ್ಟು ಖರ್ಚು ಮಾಡಿದ್ದನ್ನು ಯಾರಾದರೂ ನೋಡಬೇಕಲ್ಲ! 2028ರವರೆಗೆ ಆರ್‌ಸಿ ಸಿಕ್ಕಿತು. ಗಾಡಿ ಕೆಲಸ, ಟೈರ್, ಶುಲ್ಕ, ಇನ್ಶೂರೆನ್ಸ್ ಎಲ್ಲಾ ಸೇರಿ ನಲವತ್ತು ಸಾವಿರದ ಒಳಗೆ ಮುಗಿಯಿತು. ಹೊಸ ಗಾಡಿಯ ಕೆಲವು ತಿಂಗಳ ಕಂತು ಅಷ್ಟಾಗುತ್ತದೆ. ಅದಾದ ಮೇಲೆ 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆಲ್ಲ ಹೊಸ ನಮೂನೆಯ ನಂಬರ್ ಪ್ಲೇಟ್ ಬೇಕು ಅಂತ ಆದೇಶ ಬಂತು, ಅದನ್ನೂ ಹಾಕಿಸಿದೆ.

ಆಮೇಲಿನ ಮಳೆಗಾಲಗಳಲ್ಲಿ ಕೆಲವು ಅಭ್ಯಾಸ ಬೆಳೆದಿವೆ. ಜೂನ್ ಬರುವ ಮೊದಲು ಮ್ಯಾಟ್, ಕಾರ್ಪೆಟ್ ಎರಡನ್ನೂ ತೆಗೆದು ಅಟ್ಟಕ್ಕೆ ಹಾಕುತ್ತೇನೆ. ಬರಿ ತಗಡಿನ ಮೇಲೆ ಕಾಲಿಟ್ಟರೆ ಏನೂ ಆಗುವುದಿಲ್ಲ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತವೆ, ಅಡಿಕೆ ಸಿಪ್ಪೆ, ಮಣ್ಣು ಕೂತು ಕಟ್ಟಿಕೊಳ್ಳುತ್ತವೆ. ತೆಂಗಿನ ಕಡ್ಡಿ ಹಾಕಿ ಬಿಡಿಸುತ್ತೇನೆ. ಮೈಲುತುತ್ತ, ಗೊಬ್ಬರ ತರುವಾಗ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ, ಅದರ ಕೆಳಗೆ ದಪ್ಪ ಟಾರ್ಪಾಲ್. ಗಾಡಿಯನ್ನು ದನದ ಕೊಟ್ಟಿಗೆಯ ಪಕ್ಕದಿಂದ ಎಬ್ಬಿಸಿ, ನಾಲ್ಕೂ ಕಡೆ ಗಾಳಿಯಾಡುವ ಶೀಟಿನ ಮಾಡಿಗೆ ತಂದಿದ್ದೇನೆ. ಮಳೆಯಲ್ಲಿ ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಎಳೆದಿಟ್ಟರೆ ಶೂ ಡ್ರಮ್ಮಿಗೆ ಕಚ್ಚಿಕೊಂಡು ಬಿಡುತ್ತದೆ. ಗೇರಿನಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಎಂಜಿನ್ ಆಯಿಲ್. ಮೂರು ಲೀಟರ್ ಆಸುಪಾಸು ಹಿಡಿಯುತ್ತದೆ, ಅಷ್ಟೇ. ಓಮ್ನಿಯ ಒಂದು ಸುಖ ಅಂದರೆ, ಎಂಥ ಜಡಿಮಳೆಯಲ್ಲೂ ಒಳಗೇ ಕೂತು ಸೀಟು ಎತ್ತಿ ಆಯಿಲ್ ನೋಡಬಹುದು.

ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಹಳೆ ಗಾಡಿಯ ರಬ್ಬರ್ ಪೈಪಿಗೆ ಅದು ಅಷ್ಟು ಒಗ್ಗುವುದಿಲ್ಲ. ನಾನು ಪೆಟ್ರೋಲ್ ಪೈಪುಗಳನ್ನು ಬದಲಿಸಿಬಿಟ್ಟೆ, ದೊಡ್ಡ ಖರ್ಚೇನೂ ಅಲ್ಲ. ಎಥನಾಲ್ ನೀರು ಎಳೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ವಾರಗಟ್ಟಲೆ ನಿಲ್ಲಿಸುವುದಿಲ್ಲ.

2028ಕ್ಕೆ ಗಾಡಿಗೆ ಇಪ್ಪತ್ತು ತುಂಬುತ್ತದೆ. ಇಪ್ಪತ್ತು ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರಲ್ಲಿ 10,000ಕ್ಕೆ ಏರಿಸಿದ್ದಾರೆ. ಆಗಲೂ ಮಾಡಿಸುತ್ತೀರಾ ಅಂತ ಮನೆಯಲ್ಲಿ ಕೇಳುತ್ತಾರೆ. ಭಾಯ್ ಹತ್ತಿರ ಇದನ್ನೇ ಕೇಳಿದೆ. “ನೆಲದ ತಗಡು ಹೋದರೆ ನಾನು ಹಾಕಿಕೊಡ್ತೀನಿ ಗೌಡ್ರೇ. ಮುಂದಿನ ಶಾಕ್ ಅಬ್ಸಾರ್ಬರ್ ಕೂರೋ ಜಾಗ, ಕೆಳಗಿನ ಉದ್ದದ ಚಾನೆಲ್, ಈ ಎರಡಕ್ಕೆ ತುಕ್ಕು ಬಂದ್ರೆ ಮಾತ್ರ ನನ್ನ ಹತ್ತಿರ ತರಬೇಡಿ” ಅಂದರು. ಹೋದ ಬೇಸಿಗೆಯಲ್ಲಿ ಲಿಫ್ಟಿಗೆ ಏರಿಸಿದಾಗ ಎರಡನ್ನೂ ಸ್ಕ್ರೂಡ್ರೈವರಿನಿಂದ ತಟ್ಟಿಸಿ ನೋಡಿದೆ. ಚಾನೆಲ್ ಗಟ್ಟಿ ಇದೆ. ಎಡಗಡೆ ಶಾಕ್ ಅಬ್ಸಾರ್ಬರ್ ಹತ್ತಿರ ಬಣ್ಣ ಸ್ವಲ್ಪ ಉಬ್ಬಿತ್ತು. ಕೆರೆದು ರೆಡ್ ಆಕ್ಸೈಡ್ ಹಚ್ಚಿಸಿದ್ದೇನೆ. ಈ ಮಾರ್ಚಿನಲ್ಲಿ ಮತ್ತೆ ನೋಡಿಸಬೇಕು.